ನ್ಯಾಯಾಧೀಶನಿಗೆ ಇಲ್ಲದ ಮಗ

"ಈ ರಾಬರ್ಟ್ ಯಾರು?" ಭೂತಗನ್ನಡಿಯಿಂದ ಕಣ್ಣು ಕೀಳದೆಯೇ ರಂಗನಾಯಕಿ ಕೇಳಿದಳು.

"ನನ್ನ ಕೇಳಿದ್ರೆ? ಎಪ್ಪತ್ಮೂರು ವರ್ಷದಿಂದ ಈ ಮನೆತನದಾಗ ಇದೀನಿ ಅಮ್ಮಣಿ. ರಾಬರ್ಟು ಅಂತ ಒಂದು ನಾಯಿಗೂ ಹೆಸರು ಇರ್ಲಿಲ್ಲ."

ಹೀಗೆಂದವರು ಮಿಸ್ ಎಡಿತ್ ಥಾರ್ನ್‌ವಿಕ್. ಕೊಯಮತ್ತೂರಿನ ರೇಸ್‌ಕೋರ್ಸ್ ಬಳಿಯ ಹಂಚಿನ ಬಂಗಲೆಯಲ್ಲಿ ಉಳಿದುಹೋದ ಇಂಗ್ಲಿಷ್ ಹೆಂಗಸು. ಇಂಗ್ಲಿಷ್ ತನಗೆ ಶಾಲೆ ಕಲಿಸಿದ್ದು, ಈ ಕನ್ನಡ ಆಯಾ ಮಾರಿಯಮ್ಮ ಕಲಿಸಿದ್ದು ಎನ್ನುವುದು ಅವರ ಹೆಮ್ಮೆ. ಮೂರು ತಿಂಗಳ ಹಿಂದೆ, ಹಳೆಯ ಕಾಗದ ಓದಿ ಪಟ್ಟಿ ಮಾಡಲು ಇತಿಹಾಸ ಓದಿದವರು ಬೇಕೆಂಬ ಜಾಹೀರಾತು ಹಿಡಿದು ಬಂದ ದಿನ, ಆ ಗುಲಾಬಿ ಬಣ್ಣದ ಮುಖದಿಂದ ತನ್ನ ಮನೆಯ ಅಡುಗೆಕೋಣೆಯ ಕನ್ನಡ ಕೇಳಿ ರಂಗನಾಯಕಿ ಬೆಚ್ಚಿದ್ದಳು. ನಿಮ್ಮ ಆಯಾ ಯಾವೂರಿನವರು ಎಂದು ಕೇಳಬೇಕೆನಿಸಿತ್ತು. ಸಂಕೋಚ. ನಾಳೆ ಕೇಳೋಣ ಎಂದುಕೊಂಡೇ ಮೂರು ತಿಂಗಳು ಕಳೆದಿದ್ದವು.

ಮೇಜಿನ ಮೇಲೆ ಸುರುಳಿ ಬಿಚ್ಚಿಕೊಂಡಿತ್ತು. ಎರಡು ಮಾರು ಉದ್ದ. ತುದಿ ಮಡಚದಂತೆ ಅತ್ತ ಒಂದು ಹಿತ್ತಾಳೆ ಗಂಟೆ, ಇತ್ತ ಒಂದು ಮಾರ್ಮಲೇಡ್ ಜಾಡಿ. ಮೇಲ್ತುದಿಯಲ್ಲಿ ಕೆಂಪು ನಿಲುವಂಗಿ ತೊಟ್ಟ ಪುಟ್ಟ ಮನುಷ್ಯನ ಚಿತ್ರ: ವಾಲ್ಟರ್ ಡಿ ಥಾರ್ನ್‌ವಿಕ್, ಆರುನೂರೈವತ್ತು ವರ್ಷಗಳ ಹಿಂದಿನ ಇಂಗ್ಲೆಂಡಿನ ರಾಜನ ನ್ಯಾಯಾಧೀಶ. ಅವನ ಪಾದದಿಂದ ಹೊರಟ ಗೆರೆ ಕವಲೊಡೆದು, ಇಳಿದು, ಕಟ್ಟಕಡೆಗೆ 'ಎಡಿತ್' ಎಂಬ ಹೆಸರಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಬರೀ ಖಾಲಿ.

ಸೋಮವಾರದವರೆಗೆ ಈ ಸುರುಳಿ ಬರೀ ಹೆಮ್ಮೆಯ ವಸ್ತು. ಸೋಮವಾರ, ರಂಗನಾಯಕಿ ಕಳಿಸಿದ್ದ ಹೆಸರುಗಳ ಪಟ್ಟಿಗೆ ಉತ್ತರವಾಗಿ, ನ್ಯಾಯಾಧೀಶನ ಸಮಾಧಿ ಇರುವ ಊರಿನ ಪಾದ್ರಿಯಿಂದ ಪತ್ರ ಬಂತು. ಎಡಿತ್ ಅವರ ತಂದೆ ಸಾವಿರದ ಒಂಬೈನೂರ ಐದರಲ್ಲಿ ಮಿಲ್ಲಿನ ಇಂಜಿನಿಯರಾಗಿ ಇಲ್ಲಿಗೆ ಹಡಗು ಹತ್ತುವ ಮುಂಚೆ ತೆಗೆಸಿದ ಸುರುಳಿಯ ಫೋಟೋ ಅವರ ಚರ್ಚಿನಲ್ಲಿದೆ. ಅದರಲ್ಲಿ ರಾಬರ್ಟ್ ಇಲ್ಲ. ನಿಮ್ಮಲ್ಲಿರುವುದು ಬೇರೆ ಸುರುಳಿ, ಎಂದಿದ್ದರು ಪಾದ್ರಿ.

ಹಾಗಾದರೆ ಅಸಲು ಎಲ್ಲಿ? ಸುರುಳಿ ಇಡುವ ಬೀರುವಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬರು ಎಡಿತ್. ಇನ್ನೊಬ್ಬರು ಬಟ್ಲರ್ ಸೆಲ್ಲಪ್ಪನ್, ಈ ಮನೆಯಲ್ಲೇ ಹುಟ್ಟಿದವರು, ಅದೇ ಮಾರಿಯಮ್ಮನ ಮಗ. ಎಡಿತ್ ಅವರ ವಕೀಲರು ದೂರು ಕೊಟ್ಟರು. ಇನ್ಸ್‌ಪೆಕ್ಟರ್ ತಂಗವೇಲು ನಿನ್ನೆ ಇಡೀ ದಿನ ಸೆಲ್ಲಪ್ಪನ್ ಅವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಕಳಿಸಿದ್ದರು. ನಾಳೆ ಬೆಳಗ್ಗೆ ಹತ್ತಕ್ಕೆ ಮತ್ತೆ ಬರಬೇಕು. ಅಷ್ಟರಲ್ಲಿ ಅಸಲು ಸಿಗದಿದ್ದರೆ ಕಳ್ಳತನದ ಕೇಸು, ಅರವತ್ತೆರಡನೆಯ ವಯಸ್ಸಿನಲ್ಲಿ ಜೈಲು.

"ಸೆಲ್ಲಪ್ಪನ್ ಕದಿಯೋ ಆಳಲ್ಲ," ಎಂದರು ಎಡಿತ್, ಹತ್ತನೆಯ ಸಲ. "ಆದ್ರೆ ನಾನು ಏನಂತ ಹೇಳ್ಲಿ? ನಂಬಿಕೆ ಅಂತ ಹೇಳಿದ್ರೆ ಪೊಲೀಸ್ನೋರು ಬರ್ಕೊಳ್ಳೋಲ್ಲ."

ಸುರುಳಿಯ ಮೇಲ್ಭಾಗದಲ್ಲಿ, ನ್ಯಾಯಾಧೀಶನ ಪಕ್ಕದಲ್ಲೇ, ಒಂದು ಸಣ್ಣ ವೃತ್ತವಿತ್ತು. ಒಳಗೆ 'ಜೋನ್' ಎಂಬ ಹೆಸರು. ಅದಕ್ಕೆ ಸೇರುವ ಗೆರೆ ಇಡಿಯಾಗಿರಲಿಲ್ಲ, ಚುಕ್ಕಿಚುಕ್ಕಿಯಾಗಿತ್ತು. ರಂಗನಾಯಕಿಯ ಬೆರಳು ಅಲ್ಲಿ ನಿಂತದ್ದನ್ನು ನೋಡಿ ಎಡಿತ್ ನಕ್ಕರು.

"ಅದು ನಮ್ಮ ನ್ಯಾಯಾಧೀಶರ ಮಾನ. ಕುದುರೆ ಮೇಲೆ ಊರೂರು ಸುತ್ತಿ ನ್ಯಾಯ ಹೇಳ್ತಿದ್ರಂತೆ. ಒಂದೂರಲ್ಲಿ ಒಬ್ಳು ಹೆಂಗಸು ಮಗೂನ ಎತ್ಕೊಂಡು ಕೋರ್ಟಿಗೇ ಬಂದು, ಇದು ನಿಮ್ದು ಸ್ವಾಮಿ ಅಂದ್ಲಂತೆ. ಎಲ್ರೂ ಅವಳನ್ನ ತಳ್ಳೋಕೆ ಎದ್ರು. ಇವ್ರು, ಹೌದು ನಂದೇ ಅಂದ್ರು. ಮನೆಗೆ ಬಂದು ಆ ಮಗೂ ಹೆಸರ ತಾವೇ ಸುರುಳೀಲಿ ಬರ್ದ್ರು. ನಿಜವಾದದ್ದು ಇದರಲ್ಲಿ ಇರತಕ್ಕದ್ದು ಅಂತ ಅಪ್ಪಣೆ ಮಾಡಿದ್ರಂತೆ. ಡ್ಯಾಡಿ ನನ್ನ ಮಲಗ್ಸೋವಾಗ ಹೇಳೋ ಕತೆ ಅದೊಂದೇ." ಅವರ ದನಿ ತೆಳುವಾಯಿತು. "ಮಾರಿ ಕಾಲು ಒತ್ತುತ್ತಾ ಕೂತಿರೋಳು. ಮಿಲ್ಲಿನ ಸಂಗು ಕೂಗೋದು ಆಗ ಎಷ್ಟು ದೂರ ಕೇಳಿಸ್ತಿತ್ತು ಅಂತೀಯ!"

ಹೊರಗೆ ಯಾವುದೋ ಮಿಲ್ಲಿನ ಸೈರನ್ ನಿಜಕ್ಕೂ ಕೂಗಿತು.

ರಂಗನಾಯಕಿ ಪಾದ್ರಿ ಪತ್ರದ ಜೊತೆ ಕಳಿಸಿದ ಫೋಟೋದ ಪ್ರತಿಯನ್ನು ಸುರುಳಿಯ ಪಕ್ಕದಲ್ಲಿಟ್ಟಳು. ಫೋಟೋದಲ್ಲಿ: ವಾಲ್ಟರ್, ಅವನ ಮಗ ವಾಲ್ಟರ್. ಸುರುಳಿಯಲ್ಲಿ: ವಾಲ್ಟರ್, ಅವನ ಮಗ ರಾಬರ್ಟ್, ರಾಬರ್ಟನ ಮಗ ವಾಲ್ಟರ್. ಫೋಟೋ ತೆಗೆಸಿದ ಕಾಲದವರೆಗಿನ ಉಳಿದ ಹೆಸರೆಲ್ಲ ಸರಿ. ಒಂದೇ ಒಂದು ತಲೆ ಹೆಚ್ಚಿಗೆ.

"ನಿಮ್ಮಲ್ಲಿ ಅಪ್ಪನ ಹೆಸರನ್ನೇ ಮಗನಿಗೆ ಇಡ್ತೀರಾ ಮಿಸ್?"

"ಮತ್ತೆ? ನಮ್ಮ ತಾತ ಆರ್ಥರ್, ಡ್ಯಾಡಿ ಆರ್ಥರ್, ಯುದ್ಧದಾಗ ಹೋದ ನಮ್ಮಣ್ಣ ಆರ್ಥರ್. ಆರ್ಥರ್ ಅಂತ ಒಂದ್ಸಲ ಕೂಗಿದ್ರೆ ಮನೆ ಗಂಡಸರೆಲ್ಲ ಊಟಕ್ಕೆ ಬರೋರು."

ರಂಗನಾಯಕಿಗೆ ನಗು ಬಂತು. ಅರ್ಧದಲ್ಲೇ ನಿಂತಿತು.

ಅವಳ ಬೀದಿಯಲ್ಲಿ ಹಾಗೆ ಇಡುವವರಿಲ್ಲ. ಮೊಮ್ಮಗನಿಗೆ ತಾತನ ಹೆಸರು. ಅದು ಸರಿ, ಅದು ಚಂದ. ಆದರೆ ಬದುಕಿರುವ ಅಪ್ಪನ ಹೆಸರನ್ನು ಮಗನಿಗೆ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ತಾಯಿ ಆ ಮಗುವನ್ನು ಏನೆಂದು ಕರೆದಾಳು? ಅವಳ ಜನರಲ್ಲಿ ಯಾರೇ ಈ ಪಟ್ಟಿಯನ್ನು ನೋಡಿದರೂ, ಮೇಲೆ ವಾಲ್ಟರ್, ಕೆಳಗೆ ವಾಲ್ಟರ್ ಎಂದಿದ್ದರೆ, ನಡುವೆ ಒಬ್ಬ ಬಿಟ್ಟುಹೋಗಿದ್ದಾನೆ ಎಂದೇ ತಿಳಿದಾರು.

ಸುರುಳಿ ಬರೆದವನು ಕಳ್ಳನಲ್ಲ. ಕಳ್ಳನಿಗೆ ಹೆಚ್ಚಿಗೆ ಒಂದು ಹೆಸರು ಬರೆದು ಸಿಕ್ಕಿಬೀಳುವ ದರ್ದೇನು? ಇವನು ತಪ್ಪು ತಿದ್ದಿದ್ದಾನೆ. ಇಂಗ್ಲಿಷ್ ಅಕ್ಷರ ಬಲ್ಲವನು, ಇಂಗ್ಲಿಷರ ಮನೆ ಅರಿಯದವನು. ನಮ್ಮವನು.

ಅವಳು ಸುರುಳಿಯ ಅಂಚನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಉದ್ದಕ್ಕೂ ಸೂಜಿಯ ತೂತುಗಳು. ಎಲ್ಲವೂ ಒಂದೇ ಅಂತರದಲ್ಲಿ. ಸೀರೆಯ ಅಂಚಿನ ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಬರೆಯುವವರು ಸಾಲು ತಪ್ಪದಿರಲೆಂದು ಎಂಟು ಚೌಕಕ್ಕೊಂದರಂತೆ ಹೀಗೆ ಚುಚ್ಚುತ್ತಾರೆ. ಬಲಗಡೆಯ ಕೆಳಮೂಲೆಗೆ ಗಾಜನ್ನು ಸರಿಸಿದಳು.

ಮೂರು ಚುಕ್ಕೆ. ಸಾಸಿವೆ ಗಾತ್ರದವು. ಕೆಳಗೆ ಎರಡು, ಮೇಲೊಂದು.

ಯಾಕೆ ತಾತಾ ಈ ಚುಕ್ಕೆ ಎಂದು ಐದು ವರ್ಷದ ರಂಗನಾಯಕಿ ಹಿಂದೊಮ್ಮೆ ಅಂಚು ಬರೆಯುತ್ತಿದ್ದ ತಾತನ ತೊಡೆಯ ಮೇಲೆ ಕೂತು ಕೇಳಿದ್ದಳು. "ಅಂಚು ಇಲ್ಲಿಗೆ ಮುಗೀತು ಅಂತ ನೇಯೋನಿಗೆ ಗೊತ್ತಾಗ್ಬೇಕಲ್ಲ ನನ್ನ ಕಣ್ಣೇ" ಎಂದಿದ್ದರು ತಾತ, ಅವಳ ಕೆನ್ನೆಗೂ ಮೂರು ಚುಕ್ಕೆ ಇಟ್ಟು.

"ಏನು ಸಿಕ್ತು?" ಎಂದರು ಎಡಿತ್.

"ಇನ್ನೂ ಇಲ್ಲ ಮಿಸ್." ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಗಾಜನ್ನು ಮೇಜಿನ ಮೇಲಿಟ್ಟಳು. "ನಾನೊಮ್ಮೆ ಊರಿಗೆ ಹೋಗಿಬರ್ತೀನಿ. ಸಾಯಂಕಾಲದ ಒಳಗೆ."

"ಯಾವೂರು? ವಿಳಾಸ ಬರ್ದಿಟ್ಟು ಹೋಗು."

ಅವಳು ಚೀಟಿ ಬರೆಯುತ್ತಿದ್ದಾಗ ಸೆಲ್ಲಪ್ಪನ್ ಟೀ ತಂದರು. ಬೆನ್ನು ನೆಟ್ಟಗೆ, ಬಿಳಿ ಕೋಟು, ಠಾಣೆಯ ಬೆಂಚಿನ ಮೇಲೆ ಕಳೆದ ದಿನದ ಒಂದು ಸುಕ್ಕೂ ಇಲ್ಲ. ಟೀ ಇಡುತ್ತ ಚೀಟಿಯಲ್ಲಿದ್ದ ಊರಿನ ಹೆಸರಿನ ಮೇಲೆ ಕಣ್ಣಾಡಿಸಿದರು.

"ಅವಿನಾಶೀಂಗಳಾ ಅಮ್ಮಣಿ? ಅಲ್ಲಿ... ಯಾರ ಮನೆ?" ಕೊಯಮತ್ತೂರಿನ ಕಡೆಯ ಮರ್ಯಾದೆಯ 'ಈಂಗ' ಅವರ ಮಾತಿನಲ್ಲಿ ಸದಾ ಇರುತ್ತಿತ್ತು.

"ಲಿಂಗಪ್ಪನ್ ಮನೆ. ಅಂಚು ಬರೆಯೋ ಲಿಂಗಪ್ಪನ್. ನಮ್ಮ ತಾತ."

ನಲವತ್ತು ವರ್ಷ ಒಂದು ಹನಿ ಚೆಲ್ಲದ ಕೈ. ಟೀ ತಟ್ಟೆಗೆ ಹರಿಯಿತು, ತಟ್ಟೆಯಿಂದ ಮೇಜಿಗೆ. ಸೆಲ್ಲಪ್ಪನ್ ಅದನ್ನು ಒರೆಸಲಿಲ್ಲ. ರಂಗನಾಯಕಿಯ ಮುಖವನ್ನು, ಹಣೆಯನ್ನು, ಮೂಗನ್ನು, ಏನೋ ಹುಡುಕುವವರಂತೆ ನೋಡಿದರು.

"ಒಳ್ಳೇದೀಂಗ," ಎಂದರು ಕೊನೆಗೆ. "ಹೋಗ್ಬಾ ತಾಯೀ."

ಮೂರು ತಿಂಗಳಲ್ಲಿ ಅವರು ಅವಳನ್ನು ತಾಯಿ ಎಂದು ಕರೆದದ್ದು ಅದೇ ಮೊದಲು.

ಗಾಂಧೀಪುರದಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಒಂದೇ ಚಿಂತೆ. ಸೆಲ್ಲಪ್ಪನ್ ಉಳಿಯಬೇಕಾದರೆ ತಾತನ ಹೆಸರು ಹೇಳಬೇಕು. ತಾತ ಉಳಿಯಬೇಕಾದರೆ ಬಾಯಿ ಮುಚ್ಚಿರಬೇಕು. ರಸ್ತೆಯ ಇಕ್ಕೆಲದ ಹುಣಸೆಮರಗಳು ಒಂದೊಂದಾಗಿ ಹಿಂದೆ ಸರಿದವು. ಚಿಕ್ಕವಳಿದ್ದಾಗ ತಾತನ ಜೊತೆ ಇದೇ ದಾರಿಯಲ್ಲಿ ಆ ಮರಗಳನ್ನು ಎಣಿಸುತ್ತ ಬರುತ್ತಿದ್ದಳು. ಅವಳು ಲೆಕ್ಕ ತಪ್ಪಿದರೆ ತಾತ ತಾವೂ ಬೇಕೆಂದೇ ತಪ್ಪುತ್ತಿದ್ದರು.

ಅವಿನಾಶಿಯ ನೆಯ್ಗೆ ಬೀದಿ ಈಗ ಪವರ್‌ಲೂಮಿನ ಸದ್ದಿನಲ್ಲಿ ನಡುಗುತ್ತಿತ್ತು. ತಾತನ ಮನೆಯಲ್ಲಿ ಮಾತ್ರ ಹಳೆಯ ಗುಂಡಿಮಗ್ಗ, ಹಳೆಯ ನೆರಳು. ಅಂಗಳದ ಒಲೆಯ ಮೇಲೆ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿತ್ತು. ಎಂಬತ್ತು ವರ್ಷದ ಲಿಂಗಪ್ಪನ್ ಕುಕ್ಕರಗಾಲಲ್ಲಿ ಕೂತು ಅದನ್ನು ಕಲಕುತ್ತಿದ್ದರು.

"ಯಾರು, ನಮ್ಮ ಅಮ್ಮಣಿಯಾ? ಇದೇನು ವಾರದ ನಡುವೆ? ದೊರೆಸಾನಿ ಓಡಿಸಿಬಿಟ್ಳಾ?"

"ತಾತಾ, ರಾಬರ್ಟ್ ಯಾರು?"

ಸೌಟು ನಿಂತಿತು. ಗಂಜಿ ಒಂದು ಗುಳ್ಳೆ ಎಬ್ಬಿಸಿ ಒಡೆಯಿತು.

"ರಾಬರ್ಟ್ ದೊರೆಯಾ?" ತಾತ ತಡೆದು ತಡೆದು ಹೇಳಿದರು. "ಒಳ್ಳೇ ಡಾಕ್ಟ್ರು. ಮಿಲ್ಲಿನಾಗ ಇದ್ರು. ನನ್ನ ಚಳಿಜ್ವರ ಇಳಿಸಿದ ಪುಣ್ಯಾತ್ಮ."

"ಆ ಪುಣ್ಯಾತ್ಮನ್ನ ಹಿಡ್ಕೊಂಡು ಹೋಗಿ ಆರುನೂರು ವರ್ಷದ ಹಿಂದಿನ ಜಡ್ಜಿಗೆ ಮಗನ್ನ ಮಾಡಿಬಿಟ್ರಾ?"

ತಾತ ಸೌಟನ್ನು ಕೆಳಗಿಟ್ಟರು. ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಕುಶಲಿಗನ ಕೋಪ.

"ಮತ್ತೇನು ಮಾಡ್ಬೇಕಿತ್ತು? ಮೇಲೂ ವಾಲ್ಟರು, ಕೆಳಗೂ ವಾಲ್ಟರು! ಅಪ್ಪ ಕಣ್ಣೆದುರಿಗೆ ಇರೋವಾಗ ಅವನ ಹೆಸರ ಮಗನಿಗೆ ಇಡೋ ಮನೆ ಉಂಟಾ? ಮೊಮ್ಮಗನಿಗೆ ಇಟ್ಟಿರ್ತಾರೆ, ನಡುವೆ ಒಂದು ತಲೆ ಬಿಟ್ಟೋಗ್ಯದೆ ಅಂದ್ಕೊಂಡೆ. ಒಂದೆಳೆ ಕಡಿದದ್ದು ಕಂಡ ಮೇಲೆ ಹಂಗೇ ಬಿಟ್ಟು ನೇಯಾಕೆ ಆಗ್ತದಾ? ಗಂಟು ಹಾಕ್ದೆ. ನನಗೆ ಗೊತ್ತಿದ್ದ ದೊಡ್ಡ ಮನುಷ್ಯರ ಹೆಸರು ಅದೊಂದೇ."

"ಬರೆಸಿದ ದೊರೆಗೆ, ಎಡಿತ್ ಮಿಸ್ ಅಪ್ಪನಿಗೆ, ಹೇಳಲಿಲ್ವಾ?"

"ದೊರೆಗೆ ಆಗ ಕಣ್ಣು ಮಂಜು. ಉಪಕಾರ ಮಾಡ್ದೆ, ಹೇಳಿಕೊಳ್ಳೋದು ಯಾಕೆ ಅಂತ ಸುಮ್ನಾದೆ."

"ಆ ಉಪಕಾರಕ್ಕೆ ನಾಳೆ ಬಟ್ಲರ್ ಸೆಲ್ಲಪ್ಪನ್ ಜೈಲಿಗೆ ಹೋಗ್ತಾರೆ ತಾತಾ. ಅಸಲು ಕದ್ದು ನಕಲು ಇಟ್ಟೋರು ಅವರೇ ಅಂತ."

"ಯಾರು?" ತಾತ ಎದ್ದರು. ಮಗ್ಗದ ಕಂಬ ಹಿಡಿದುಕೊಂಡರು. "ಯಾರಂದೆ? ನಮ್ಮ ಸೆಲ್ಲಪ್ಪನಾ?"

ನಮ್ಮ.

ರಂಗನಾಯಕಿ ಆ ಮಾತನ್ನು ಹಿಡಿದುಕೊಂಡಳು. ದನಿ ಏರಿಸಿ ಗೊತ್ತಿಲ್ಲದ ಹುಡುಗಿ, ಮೆಲ್ಲಗೆ ಹೇಳಿದಳು. "ಅಸಲು ಎಲ್ಲಿದೆ ತಾತಾ?"

ತಾತ ಕತ್ತೆತ್ತಿ ನೋಡಿದರು. ಮಗ್ಗದ ಮೇಲೆ, ಸೂರಿನ ಕೆಳಗೆ, ಹೊಗೆ ಹಿಡಿದು ಕಪ್ಪಾದ ದಪ್ಪ ಬಿದಿರಿನ ಗಳ. ಅವಳ ತೊಟ್ಟಿಲು ಕಟ್ಟಿದ್ದು ಅದಕ್ಕೆ. ಮಳೆಗಾಲದಲ್ಲಿ ನೂಲಿನ ಲಡಿ ಒಣಗಿದ್ದು ಅದರ ಮೇಲೆ. ಅವಳು ಮಣೆ ಹಾಕಿ ಹತ್ತಿ, ತುದಿಗೆ ತುರುಕಿದ್ದ ಬಟ್ಟೆಯನ್ನು ಎಳೆದಳು. ಒಣಗಿ ಪುಡಿಯಾದ ಬೇವಿನೆಲೆ ಮುಖದ ಮೇಲೆ ಉದುರಿತು. ಆಮೇಲೆ, ಹಳದಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಸುರುಳಿ ಕೈಗೆ ಬಂತು.

ಚರ್ಮದ ಹಾಳೆ. ಅಜ್ಜಿಯ ಅಂಗೈಯಷ್ಟು ಮೆತ್ತಗೆ. ವಾಲ್ಟರ್, ಅವನ ಮಗ ವಾಲ್ಟರ್; ರಾಬರ್ಟ್ ಇಲ್ಲ. ಪಕ್ಕದಲ್ಲಿ ಜೋನ್ ಎಂಬ ವೃತ್ತ. ಅವಳು ನೆಲದ ಮೇಲೆ ಅದನ್ನು ಬಿಚ್ಚುತ್ತ ಬಿಚ್ಚುತ್ತ ಆರುನೂರೈವತ್ತು ವರ್ಷ ಕೆಳಗಿಳಿದಳು. ಆರ್ಥರ್, ಆರ್ಥರ್. ಎಡಿತ್ ಮತ್ತು ಅವರ ಅಣ್ಣ.

ಎಡಿತ್ ಪಕ್ಕದಲ್ಲಿ ಇನ್ನೊಂದು ಸಣ್ಣ ವೃತ್ತ. ಚುಕ್ಕಿಗೆರೆ. ಒಳಗಿನ ಹೆಸರು ಇಂಗ್ಲಿಷಿನಲ್ಲಿರಲಿಲ್ಲ. ತಮಿಳಿನಲ್ಲೂ ಇರಲಿಲ್ಲ. ಈ ಬೀದಿಯಲ್ಲಿ ಈಗ ತಾತನಿಗೂ ಅವಳಿಗೂ ಬಿಟ್ಟರೆ ಓದಲು ಬಾರದ ಕನ್ನಡ ಅಕ್ಷರ.

ಸೆಲ್ಲಪ್ಪನ್. ತಾಯಿ ಮಾರಿಯಮ್ಮ.

"ಗೆರೆ ಎಳೆದೋರು ದೊರೆ," ಎಂದರು ತಾತ ಹಿಂದಿನಿಂದ. "ಹೆಸರು ಬರೆದೋನು ನಾನು. ಹದಿನೆಂಟು ವರ್ಷ ಆಗ ನನಗೆ. ಅವಳು ಓದಬಲ್ಲ ಅಕ್ಷರದಾಗೇ ಬರಿ ಅಂದ್ರು ದೊರೆ. ಅವಳಿಗೆ ಬರ್ತಿದ್ದದ್ದು ನಾನು ಕಲಿಸಿದ್ದ ಅಷ್ಟು ಕನ್ನಡ."

"ನೀವು ಆಯಾಗೆ ಕಲಿಸಿದ್ರಾ?"

"ಆಯಾ ಅಲ್ಲ ಅಮ್ಮಣಿ. ನಮ್ಮಕ್ಕ."

ಹಿರಿಯರಿಗೆ ಇಡುವ ದಿನ ತಾತ ಪ್ರತಿ ವರ್ಷ ಎಲ್ಲರ ಹೆಸರು ಹೇಳಿ ಹೊಸ ಬಟ್ಟೆ ಇಡುತ್ತಿದ್ದರು. ಕೊನೆಯಲ್ಲಿ ಅಂಚಿಲ್ಲದ ಒಂದು ಬಿಳಿ ಸೀರೆ, ತಾವೇ ನೇಯ್ದದ್ದು, ಹೆಸರು ಹೇಳದೆ. ಇದು ಯಾರಿಗೆ ಎಂದು ಕೇಳಿದರೆ, "ಪಳನಿ ಯಾತ್ರೆಗೆ ಹೋದೋಳು ಒಬ್ಳು ಬರಲಿಲ್ಲ" ಎನ್ನುತ್ತಿದ್ದರು. ಆ ಸೀರೆಯ ಗಂಜಿಯ ವಾಸನೆ ರಂಗನಾಯಕಿಗೆ ಈಗ ತೀರ ಹತ್ತಿರ ಬಂತು.

"ನನ್ನ ಸೊಂಟದ ಮೇಲೆ ಹೊತ್ಕೊಂಡು ಬೆಳೆಸಿದೋಳು. ಇಪ್ಪತ್ತಕ್ಕೆ ಗಂಡ ಹೋದ. ಬಂಗ್ಲೆಗೆ ಮಗು ನೋಡಾಕೆ ಹೋದ್ಲು. ಹತ್ತು ವರ್ಷದ ಮೇಲೆ ಸೆಲ್ಲಪ್ಪ ಹುಟ್ಟಿದ. ಬೀದೀಲಿ, ಪಳನಿಗೆ ಹೋದ್ಲು ಅಂತ ನಮ್ಮಪ್ಪನೇ ಹೇಳ್ಬಿಟ್ರು." ತಾತ ಕಣ್ಣೊರೆಸಿಕೊಳ್ಳಲಿಲ್ಲ, ನೀರು ತಾನೇ ದಾರಿ ಮಾಡಿಕೊಂಡಿತು. "ಶಾಲೆ ಮುಗಿಸಿ ಇಂಗ್ಲೆಂಡ್ ಸೀಮೆಯಿಂದ ಎಡಿತ್ ಪಾಪಾ ವಾಪಸ್ ಬರ್ತಾಳೆ ಅಂತ ಆದಾಗ ಅಕ್ಕನೇ ದೊರೇನ ಕೇಳ್ಕೊಂಡ್ಲು, ಆ ಹೆಸರು ಅವಳ ಕಣ್ಣಿಗೆ ಬೀಳ್ಬಾರದು ಅಂತ. ಎಡಿತ್ ಪಾಪಾಗೆ ನಾನು ಬರೀ ಮಾರಿಯಾಗೇ ಇರ್ಬೇಕು ಅಂದ್ಲು. ದೊರೆಗೆ ನಿಜ ಅಳಿಸೋಕೆ ಮನಸಿಲ್ಲ, ಇವಳ ಮಾತು ಮೀರೋಕೂ ಮನಸಿಲ್ಲ. ನಕಲು ಮಾಡು, ಅಸಲು ನೀನೇ ಇಟ್ಕೋ ಅಂದ್ರು."

"ಸೆಲ್ಲಪ್ಪನ್‌ಗೆ ಗೊತ್ತಾ?"

"ಅಕ್ಕನ ಉಸಿರು ನಿಲ್ಲೋವಾಗ ಅವನ ಕೈ, ನನ್ನ ಕೈ ಎರಡೂ ಅವಳ ಕೈಯಾಗಿತ್ತು. ಹೇಳಲ್ಲ ಅಂತ ಇಬ್ರೂ ಮಾತು ಕೊಟ್ವಿ. ಆಮೇಲೆ ಅವನ ಮುಖ ನಾನು ನೋಡಿಲ್ಲ."

ರಂಗನಾಯಕಿ ಸುರುಳಿಯನ್ನು ಸುತ್ತಿ ಎದೆಗೊತ್ತಿಕೊಂಡಳು. ಮೊದಲ ಸಲ ಅವಳ ದನಿ ಗಟ್ಟಿಯಾಯಿತು. "ಐದೂ ಹತ್ತರ ಬಸ್ಸಿದೆ ತಾತಾ. ಇದನ್ನ ತಗೊಂಡು ಹೋಗ್ತೀನಿ. ಇದೊಂದು ಇದ್ರೆ ಅವರು ಉಳೀತಾರೆ."

ತಾತ ಏನೋ ಹೇಳಲು ಬಾಯಿ ತೆರೆದರು. ಬಾಗಿಲಲ್ಲಿ ಸೈಕಲ್ ಗಂಟೆ ಮೊಳಗಿತು.

"ರಂಗನಾಯಕಿ ಅಂದ್ರೆ ನೀವೇನಾ? ತಂತಿ ಬಂದದೆ." ಪೋಸ್ಟ್‌ಮನ್ ಅಂಗಪ್ಪನ್ ಹೊಸ್ತಿಲಾಚೆ ನಿಂತೇ ಕಾಗದ ಚಾಚಿದರು. "ಹೆದರ್ಬೇಡಿ, ಸಾವಿನ ತಂತಿ ಅಲ್ಲ. ಉತ್ತರಕ್ಕೂ ದುಡ್ಡು ಸೇರಿಸಿಯೇ ಕಟ್ಟಿ ಕಳಿಸವ್ರೆ. ನಿಂತು ಬರೆಸಿಕೊಂಡೇ ಹೋಗ್ಬೇಕು ನಾನು."

ಅವಳು ಬಿಡಿಸಿ ಓದಿದಳು.

'ಸೆಲ್ಲಪ್ಪನ್ ಒಪ್ಪಿಕೊಂಡ. ನೀನು ಹೊರಟೊಡನೆ ತಾನಾಗಿ ಠಾಣೆಗೆ ಹೋದ. ಅಸಲು ತಾನೇ ಕದ್ದು ಸುಟ್ಟೆ ಎನ್ನುತ್ತಾನೆ. ನಂಬಲಾರೆ. ಅವಿನಾಶಿಯಲ್ಲಿ ಏನು ಸಿಕ್ಕಿತು. ಎಡಿತ್.'

ಜೋರಾಗಿಯೇ ಓದಿದ್ದಳೆಂದು ತಾತನ ಮುಖ ಕಂಡ ಮೇಲೆ ಗೊತ್ತಾಯಿತು. ಚೆಲ್ಲಿದ ಟೀ, ತಾಯೀ ಎಂಬ ಕರೆ, ಎಲ್ಲವೂ ಈಗ ಅರ್ಥವಾದವು. ಅವಳು ಎಲ್ಲಿಗೆ ಹೊರಟಿದ್ದಾಳೆ, ಏನು ಹೊತ್ತು ತರುತ್ತಾಳೆ ಎಂದು ತಿಳಿದೇ ಅವರು ಠಾಣೆಯ ದಾರಿ ಹಿಡಿದಿದ್ದರು. ಅವಳಿಗಿಂತ ಮುಂಚೆ.

"ಸುಟ್ಟೆ ಅಂದ್ನಾ?" ತಾತ ಒಲೆಯ ಕಡೆ ತಿರುಗಿದರು. ಗಂಜಿಯ ಮಡಕೆಯ ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. "ಕೊಟ್ಟ ಮಾತು ಉಳಿಸಿಕೊಳ್ಳಾಕೆ ಜೈಲಿಗೆ ಹೋಗವನೆ. ಅವನ ಸುಳ್ಳನ್ನ ನಿಜ ಮಾಡೋ ಕೆಲಸ ಒಂದು ಉಳಿದದೆ." ಅವರು ಕೈ ಚಾಚಿದರು. "ತಾ ಅಮ್ಮಣಿ ಇಲ್ಲಿ."

ಅವಳು ಕೊಡಲಿಲ್ಲ. ಹಿಂದೆ ಸರಿಯಲೂ ಇಲ್ಲ. ನಿಜವಾದದ್ದು ಇದರಲ್ಲಿ ಇರತಕ್ಕದ್ದು ಎಂದವನು ಸತ್ತು ಆರುನೂರು ವರ್ಷವಾಗಿತ್ತು; ಹೆಸರು ಕಾಣಬಾರದು ಎಂದವಳು ಅವಳ ತಾತನ ಅಕ್ಕ.

ಇದೊಂದೂ ತಿಳಿಯದ ಅಂಗಪ್ಪನ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಾಲಗೆಗೆ ತಾಗಿಸಿ, ಖಾಲಿ ಫಾರಮ್ಮನ್ನು ಸೈಕಲ್ ಸೀಟಿನ ಮೇಲೆ ಹರಡಿದರು.

"ಬೇಗ ಹೇಳಿ ಅಮ್ಮಣಿ, ಐದಕ್ಕೆ ತಂತಿ ಆಫೀಸು ಮುಚ್ತಾರೆ. ಏನು ಸಿಕ್ತು ಅಂತ ಬರೀಲಿ?"